ಬಾವಿಯ ಲೆಕ್ಕ ಕೊಡುವ ಮುನ್ನ ಬರೆಸಿಕೊಳ್ಳಬೇಕಾದ ಕರಾರು



ನಿಮ್ಮ ಊರಿನ ಸಂಘದವರು ಹದಿನೈದು ದಿನಕ್ಕೊಮ್ಮೆ ಕೊಳವೆಬಾವಿಗಳ ನೀರಿನ ಮಟ್ಟವನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆಂದು ಇಟ್ಟುಕೊಳ್ಳಿ. ಒಂದು ದಿನ ಇಲಾಖೆಯವರು ಬಂದು, "ಈ ಪುಸ್ತಕದ ನಕಲು ಬೇಕು" ಎನ್ನುತ್ತಾರೆ. ಕೊಡುವುದೇ, ಬಿಡುವುದೇ? ಕೊಡುವುದೇ ಲೇಸು. ಆದರೆ ಬರಿಯ ಬಾಯಿಮಾತಿನ ಮೇಲೆ ಕೊಡಕೂಡದು.

ಇಂಥ ಲೆಕ್ಕದ ಬೆಲೆ ಎಷ್ಟೆಂಬುದಕ್ಕೆ ನಮ್ಮ ಪಾವಗಡದ ಎಲ್ಲೆಗೆ ಅಂಟಿಕೊಂಡಿದ್ದ ಆಗಿನ ಅನಂತಪುರ ಜಿಲ್ಲೆಯನ್ನು ನೋಡಿರಿ. ೨೦೦೦ರಿಂದ ೨೦೧೦ರ ನಡುವಣ ದಶಕದಲ್ಲಿ ಅಲ್ಲಿಯೂ ಆಂಧ್ರಪ್ರದೇಶದ ಇತರ ಬರಪೀಡಿತ ಜಿಲ್ಲೆಗಳಲ್ಲಿಯೂ ರೈತರೇ ಅಂತರ್ಜಲದ ಲೆಕ್ಕ ಇಡುವ ಒಂದು ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಅದಕ್ಕಿತ್ತು. ಗಂಡಸರೂ ಹೆಂಗಸರೂ ಮಳೆಯನ್ನು ಅಳೆದರು, ಬಾವಿಯ ಮಟ್ಟವನ್ನು ಅಳೆದರು, ಊರವರಿಗೆ ಕಾಣುವಂತೆ ಹಲಗೆಯ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ಕೂತು, ನೆಲದಲ್ಲಿ ನೀರೆಷ್ಟು, ಬೆಳೆಗೆ ಬೇಕಾದದ್ದೆಷ್ಟು ಎಂದು ಕೂಡಿ ಕಳೆದರು. ಯಾವ ಬೆಳೆ ಇಡಬೇಕೆಂದು ಯಾರೂ ಅಪ್ಪಣೆ ಮಾಡಲಿಲ್ಲ. ಲೆಕ್ಕ ನೋಡಿ ಅವರವರೇ ತೀರ್ಮಾನಿಸಿದರು. ೨೦೧೯ರ ಡಿಸೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆಂದು ಆರಂಭವಾದ ಅಟಲ್ ಭೂಜಲ ಯೋಜನೆಯೂ ಪಂಚಾಯಿತಿ ಮಟ್ಟದ ನೀರಿನ ಲೆಕ್ಕಕ್ಕೆ ಊರವರನ್ನೇ ಸೇರಿಸಿಕೊಂಡಿತು.

ಈಗ ತೊಡಕಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ ೨೦೧೧ರ ಅಂತರ್ಜಲ ಕಾಯಿದೆಯ ಮೇರೆಗೆ, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಯನ್ನು ನೋಂದಾಯಿಸಬೇಕು, ಹೊಸದನ್ನು ಕೊರೆಯಲು ಅನುಮತಿ ಪಡೆಯಬೇಕು. ಇದನ್ನು ಮಾಡದವರು ಊರಲ್ಲಿ ಇಬ್ಬರು ಮೂವರು ಇದ್ದೇ ಇರುತ್ತಾರೆ. ತಮ್ಮ ಹೆಸರು, ಸರ್ವೆ ನಂಬರು, ಬಾವಿಯ ಆಳ ಎಲ್ಲವೂ ಕಚೇರಿಗೆ ಹೋಗುತ್ತದೆಂದು ತಿಳಿದ ದಿನವೇ ಅವರು ಅಳೆಯುವ ಹುಡುಗನನ್ನು ತೋಟದೊಳಕ್ಕೆ ಬಿಡುವುದಿಲ್ಲ. ಬಿಟ್ಟರೂ ಸುಳ್ಳು ಹೇಳಿಯಾರು. ಮೂರು ಬಾವಿಯ ಲೆಕ್ಕ ಸುಳ್ಳಾದರೆ ಊರಿನ ಕೂಡುಲೆಕ್ಕವೂ ಸುಳ್ಳು. ಅದನ್ನು ನಂಬಿ ಭತ್ತ ಇಟ್ಟವನ ಪೈರು ಫೆಬ್ರವರಿಯಲ್ಲಿ ಒಣಗುತ್ತದೆ. ಕಾಯಿದೆಗೆ ತಲೆಬಾಗಬೇಕಾದ್ದು ಸರಿಯೇ. ಆದರೆ ನೀರು ಅಳೆಯುವ ಪುಸ್ತಕ ಬೇರೆ, ತಪ್ಪು ಹಿಡಿಯುವ ಪುಸ್ತಕ ಬೇರೆ. ಎರಡನ್ನೂ ಒಂದು ಮಾಡಿದರೆ ಎರಡೂ ಕೆಡುತ್ತವೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲು ಪುಸ್ತಕವನ್ನು ಎರಡು ಮಾಡಿರಿ. ಒಂದರಲ್ಲಿ ಬಾವಿಯ ಗುರುತಿನ ಅಂಕಿ, ತಾರೀಖು, ನೀರಿನ ಮಟ್ಟ. ಇನ್ನೊಂದರಲ್ಲಿ ಯಾವ ಅಂಕಿ ಯಾರದೆಂಬ ಪಟ್ಟಿ. ಮೊದಲನೆಯದರ ನಕಲು ಮಾತ್ರ ಹೊರಕ್ಕೆ ಹೋಗಲಿ. ಇಷ್ಟಕ್ಕೇ ನಿಶ್ಚಿಂತೆ ಬೇಡ. ಹತ್ತು ಬಾವಿಯ ಊರಿನಲ್ಲಿ "ಹುಣಸೆಮರದ ಪಕ್ಕದ್ದು" ಎಂದರೆ ಯಾರದೆಂದು ದನ ಕಾಯುವ ಮಗುವೂ ಹೇಳುತ್ತದೆ. ಅಂಥಲ್ಲಿ ಬಾವಿವಾರು ಅಂಕಿ ಕೊಡದೆ ಊರಿನ ಅಥವಾ ಕೆರೆಯ ಕೆಳಗಿನ ಬಯಲಿನ ಸರಾಸರಿಯನ್ನು ಕೊಡಿರಿ.

ಇಲಾಖೆಯವರೊಡನೆ ಕೂತಾಗ ಮೊದಲನೆಯ ಪ್ರಶ್ನೆ, "ಯಾವ ಕೆಲಸಕ್ಕೆ, ಸ್ವಾಮಿ?" ಎಂಬುದಾಗಿರಲಿ. ಪಂಚಾಯಿತಿಯ ನೀರಿನ ಯೋಜನೆಗೆ ಎಂದರೆ ಸರಾಸರಿಯೇ ಸಾಕಷ್ಟೆ. ಹೆಚ್ಚಿನದು ಬೇಕೆಂದರೆ ಕಾರಣವನ್ನು ಅವರೇ ಹೇಳಲಿ. ಅನಂತರ ಅದನ್ನೇ ಬರೆಸಿರಿ: "ಸದರಿ ಲೆಕ್ಕವನ್ನು ಈ ಪಂಚಾಯಿತಿಯ ನೀರಿನ ಯೋಜನೆಗಲ್ಲದೆ ಬೇರೊಂದು ಕೆಲಸಕ್ಕೆ ಉಪಯೋಗಿಸತಕ್ಕದ್ದಲ್ಲ, ಸಂಘದ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಕಚೇರಿಗಾಗಲಿ ಖಾಸಗಿ ಕಂಪನಿಗಾಗಲಿ ಕೊಡತಕ್ಕದ್ದಲ್ಲ." ಅವಧಿ ಒಂದು ವರ್ಷ ಇರಲಿ, ಬೇಕಾದರೆ ಮತ್ತೆ ಒಪ್ಪಿಕೊಳ್ಳಬಹುದು. ತಪ್ಪು ಅಂಕಿ ತಿದ್ದಿಸುವುದಕ್ಕೆ ಯಾರಿಗೆ ಬರೆಯಬೇಕು ಎಂಬುದೂ ಇರಲಿ.

"ಗುಟ್ಟಾಗಿ ಇಡುತ್ತೇವೆ" ಎಂಬ ಒಂದು ವಾಕ್ಯವನ್ನು ನೆಚ್ಚಿ ಹೆಸರಿನ ಪಟ್ಟಿಯನ್ನು ಕೊಟ್ಟುಬಿಡಬೇಡಿರಿ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಇಲಾಖೆಯ ಕೈಯಲ್ಲಿರುವ ಕಾಗದವನ್ನು ಯಾವ ನಾಗರಿಕನೂ ಕೇಳಬಹುದು. ಖಾಸಗಿ ವಿವರಗಳಿಗೆ ಅದರಲ್ಲಿ ರಕ್ಷಣೆ ಉಂಟು, ನಿಜ. ಆದರೆ ಆ ಕಾಯಿದೆಯನ್ನು ಮೀರುವ ಶಕ್ತಿ ನಿಮ್ಮ ಕರಾರಿಗಿಲ್ಲ. ಕೊಡದೆ ಇದ್ದ ಹೆಸರನ್ನು ಮಾತ್ರ ಯಾರೂ ಕಚೇರಿಯಿಂದ ತೆಗೆಸಲಾರರು.

ಕಂಪ್ಯೂಟರಿಗೆ ಏರಿದ ಖಾಸಗಿ ವಿವರಗಳ ರಕ್ಷಣೆಗೆ ೨೦೨೩ರಲ್ಲಿ ಬೇರೊಂದು ಕಾಯಿದೆ ಆಯಿತು; ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಟವು. ಮುಖ್ಯ ವಿಧಿಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು ಇಡಲಾಯಿತು. ಒಪ್ಪಿಗೆ ಕೇಳುವ ತಿಳುವಳಿಕೆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯುವುದಕ್ಕೂ, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿದೆ. ಸಹಾಯಧನ ಮೊದಲಾದವನ್ನು ಹಂಚುವ ಕೆಲಸದಲ್ಲಿ ಸರಕಾರಕ್ಕೆ ಕೆಲವು ವಿನಾಯಿತಿಗಳೂ ಇವೆ. ಇದು ಸಂಘಕ್ಕೂ ಹೇಳಿದ ಮಾತು: ಕಾರ್ಯದರ್ಶಿ ಒಬ್ಬರೇ ರುಜು ಹಾಕಿ ಎಲ್ಲರ ವಿವರವನ್ನು ಕೊಡುವುದು ತರವಲ್ಲ. ಸದಸ್ಯರ ಸಭೆಯಲ್ಲಿ ಕರಾರನ್ನು ಗಟ್ಟಿಯಾಗಿ ಓದಿ, ಓದು ಬಾರದವರಿಗೆ ಅರ್ಥ ಹೇಳಿ, ಠರಾವು ಮಾಡಬೇಕು. ಬೇಡವೆಂದವರ ಬಾವಿಯನ್ನು ಬಿಡಬೇಕು.

ಕೊಡುವವರು ಕೇಳಲೂ ಬಹುದು. ಇದನ್ನು ನಮ್ಮವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ಇರಿಸಿದ್ದಾರೆ. ಹತ್ತಿರದ ವೀಕ್ಷಣಾ ಬಾವಿಯ ಮಟ್ಟ, ನಿಮ್ಮ ಪಂಚಾಯಿತಿಯ ಮಳೆ, ನಿಮ್ಮ ಅಂಕಿಗಳಿಂದ ಅವರು ತಯಾರಿಸಿದ ವರದಿ, ಈ ಮೂರೂ ಹಿಂಗಾರಿನ ಬಿತ್ತನೆಗೆ ಮುಂಚೆ ಊರಿಗೆ ಬರಬೇಕೆಂದು ಷರತ್ತು ಹಾಕಿರಿ. ಬಿತ್ತಿದ ಮೇಲೆ ಬಂದ ವರದಿ ಯಾರಿಗೆ ಬೇಕು?

ಅಧಿಕಾರಿಗಳು ಅವಸರ ಮಾಡಿದರೂ ಅದೇ ದಿನ ರುಜು ಹಾಕಬೇಡಿರಿ. "ಸಭೆ ಕರೆದು ತಿಳಿಸುತ್ತೇವೆ, ಸ್ವಾಮಿ" ಎಂದರೆ ಯಾರೂ ಬೇಸರಪಡುವುದಿಲ್ಲ. ಕರಾರಿನ ಒಂದು ಪ್ರತಿ ಇಲಾಖೆಗೆ, ಒಂದು ಪಂಚಾಯಿತಿಗೆ, ಒಂದು ಸಂಘದ ಪೆಟ್ಟಿಗೆಗೆ. ಅಳತೆಯ ಅಸಲು ಪುಸ್ತಕ ಮಾತ್ರ ಊರು ಬಿಟ್ಟು ಹೋಗಕೂಡದು. ನಕಲು ಬೇಕಾದವರು ಬಂದು, ಕಾರ್ಯದರ್ಶಿಯ ಎದುರಿನಲ್ಲಿ ಕೂತು ಬರೆದುಕೊಳ್ಳಲಿ.