ಆ ಹುಳವನ್ನು ಹೊಡೆಯಬೇಡ, ಊದಿಬಿಡು

ಮಳೆ ಬಿದ್ದ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಓದುತ್ತಾ ಕೂರುತ್ತೀಯಲ್ಲ ಮಗು, ದೀಪಕ್ಕೆ ಮುತ್ತುವ ಹುಳಗಳಲ್ಲಿ ಒಂದನ್ನಾದರೂ ಗುರುತಿಟ್ಟುಕೊ. ಉದ್ದ ಸುಮಾರು ಒಂದು ಸೆಂಟಿಮೀಟರ್. ತಲೆ ಕಪ್ಪು, ಎದೆ ಕಿತ್ತಳೆ, ಅದರ ಹಿಂದೆ ಮಿರುಗುವ ನೀಲಿ ಗಿಡ್ಡ ಕವಚ, ಮತ್ತೆ ಕಿತ್ತಳೆ ಹೊಟ್ಟೆ, ತುದಿ ಕಪ್ಪು. ಕೆಣಕಿದರೆ ಹಿಂಬದಿ ಎತ್ತಿಕೊಂಡು ಓಡುತ್ತದೆ. ಆ್ಯಸಿಡ್ ಹುಳ ಅನ್ನುತ್ತಾರಲ್ಲ, ಅದೇ ಇದು. ಪೀಡೆರಸ್ ಕುಲದ್ದು. ಲೋಕದಲ್ಲಿ ಇದರ 600ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ದೇಶದ ಭತ್ತದ ಗದ್ದೆಗಳಲ್ಲಿ ಪೀಡೆರಸ್ ಫ್ಯೂಸಿಪಸ್ ಇದೆ.

ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ನಂಜಿರುವುದು ಅದರ ಮೈಯ ರಸದಲ್ಲಿ. ಕತ್ತಿನ ಮೇಲೆ ಹರಿದಾಗ ನೀನು ಫಟ್ಟನೆ ಹೊಡೆದು ಉಜ್ಜುತ್ತೀಯ ನೋಡು, ಆಗ ಆ ರಸ ಚರ್ಮಕ್ಕೆ ತಗಲುತ್ತದೆ. ಪೆಡೆರಿನ್ ಎಂಬ ಈ ನಂಜನ್ನು ತಯಾರಿಸುವುದು ಹೆಣ್ಣುಹುಳದ ಒಡಲಲ್ಲಿರುವ ಬ್ಯಾಕ್ಟೀರಿಯಾ. ತಾಯಿ ಅದನ್ನು ಮೊಟ್ಟೆಗೂ ಹಂಚುತ್ತದೆ, ಮರಿಗಳನ್ನು ಜೇಡಗಳಿಂದ ಕಾಯುವುದು ಅದೇ. ಎಂಥ ಏರ್ಪಾಡು!

ಉರಿ ಕೂಡಲೇ ಬರುವುದಿಲ್ಲ. ಒಂದೆರಡು ದಿನ ಕಳೆದು, ಹುಳ ಮರೆತೇ ಹೋದಮೇಲೆ, ಗೀರೆಳೆದ ಹಾಗೆ ಕೆಂಪಗಾಗಿ ಬೊಕ್ಕೆ ಏಳುತ್ತದೆ. ಆಗ ಮನೆಯವರು ಸರ್ಪಸುತ್ತು ಎಂದು ಹೆದರುತ್ತಾರೆ. ಅಂತ್ಯ ಸುಬ್ರಹ್ಮಣ್ಯ ಎಂಬ ನಾಗದೇವರು ನೆಲೆಸಿದ ನಾಗಲಮಡಿಕೆಯಂಥ ಊರಿನಲ್ಲಿ ಚರ್ಮದ ಮೇಲೆ ಏನೆದ್ದರೂ ಮನಸ್ಸು ಮೊದಲು ನಾಗಪ್ಪನ ಕಡೆಗೇ ಹೋಗುತ್ತದೆ. ಹರಕೆ ಕಟ್ಟಿಕೊಳ್ಳಲಿ, ಬೇಡ ಅನ್ನಲಾರೆ. ಆದರೆ ಸುಣ್ಣ, ಸೊಪ್ಪಿನ ರಸ ಮೆತ್ತಲು ಮಾತ್ರ ಬಿಡಬೇಡ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಏಳುತ್ತದೆ, ನೋವು ಬೊಕ್ಕೆಗಿಂತ ಮೊದಲೇ ಶುರುವಾಗುವುದುಂಟು. ಹುಳದ್ದು ಬಟ್ಟೆ ಮುಚ್ಚದ ಮುಖ, ಕತ್ತು, ತೋಳುಗಳಲ್ಲಿ; ಮೊಣಕೈ ಮಡಿಕೆಯಲ್ಲಾದರೆ ಎದುರು ಬದಿಗೂ ಅದೇ ಅಚ್ಚು ಬೀಳುತ್ತದೆ. ರಾತ್ರಿ ದೀಪದಡಿ ಕೂತಿದ್ದೆ ಎಂದು ಡಾಕ್ಟರಿಗೆ ತಪ್ಪದೆ ಹೇಳು, ಅವರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೈಮೇಲೆ ಕಂಡರೆ ಊದು, ಇಲ್ಲವೇ ಕಾಗದಕ್ಕೆ ಹತ್ತಿಸಿ ಹೊರಗೆ ಬಿಡು. ಅರೆದುಹೋಗಿದ್ದರೆ ಆ ಜಾಗವನ್ನೂ ಕೈಯನ್ನೂ ಆಗಲೇ ಸೋಪು ಹಚ್ಚಿ ತೊಳೆ. ತೊಳೆಯುವ ತನಕ ಕಣ್ಣು ಮುಟ್ಟಲೇಬೇಡ. ಆಫ್ರಿಕಾದಲ್ಲಿ ಇದರ ಸೋದರ ಪ್ರಭೇದಗಳಿಂದ ಬರುವ ಕಣ್ಣುರಿಗೆ ನೈರೋಬಿ ಕಣ್ಣು ಎಂದೇ ಹೆಸರು.

ಹೊಲದಲ್ಲಿ ಕಂಡರೆ ಅದಕ್ಕೆಂದು ಔಷಧಿ ಹೊಡೆಯಬೇಡ. ಸಸ್ಯಹೇನು, ಭತ್ತದ ಜಿಗಿಹುಳ ಅದರ ಊಟ. ರೈತನಿಗೆ ಅದು ಬೇಕಾದ ಜೀವ. ಮನೆಯಲ್ಲಿ ಕಿಟಕಿಗೆ ಜಾಲರಿ ಹಾಕಿಸು, ಬಾಗಿಲ ಮೇಲಿನ ದೀಪವನ್ನು ಕೆಲಸ ಮುಗಿದೊಡನೆ ಆರಿಸು, ಮಂಚವನ್ನು ದೀಪದ ನೇರದಿಂದ ಸರಿಸು. ತೊಟ್ಟಿಲ ಕೂಸಿಗೆ ಸೊಳ್ಳೆಪರದೆ ಕಟ್ಟಲು ಅಕ್ಕನಿಗೂ ಹೇಳು.