ಭಯವನ್ನು ನೀಗಿ ಭಗವದ್ದತ್ತ ಶಕ್ತಿಯನ್ನು ಬಳಸುವ ಬಗೆ

ಶ್ರೀಮದ್ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ದೈವೀ ಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಹೇಳಿದ ಗುಣ ಅಭಯ. ದಾನ, ತಪಸ್ಸು, ಅಹಿಂಸೆ, ಸತ್ಯಗಳೆಲ್ಲ ಅದರ ತರುವಾಯ ಬರುತ್ತವೆ. ಇದು ವಿಚಾರಾರ್ಹವಾದ ಸಂಗತಿ. ಅಂಜುವವನು ಸತ್ಯವನ್ನು ನುಡಿಯಲಾರನು. ಕಲಿತುದನ್ನು ಇನ್ನೊಬ್ಬನಿಗೆ ಹೇಳಿಕೊಡಲಾರನು. ಒಳಗೆ ಎಷ್ಟು ಗುಣಗಳಿದ್ದರೂ ಭಯವೆಂಬ ಬೀಗ ಬಿದ್ದರೆ ಅವು ಯಾರ ಉಪಯೋಗಕ್ಕೂ ಬಾರವು.

ಎಲ್ಲ ಭಯವೂ ತ್ಯಾಜ್ಯವೆಂದು ಇದರ ಅರ್ಥವಲ್ಲ. ಪಾಪಕ್ಕೆ ಅಂಜಬೇಕು, ಗುರುಹಿರಿಯರಲ್ಲಿ ಭಯಭಕ್ತಿಗಳಿರಬೇಕು. ಬಿಡಬೇಕಾದುದು ಸತ್ಕರ್ಮಕ್ಕೆ ಅಡ್ಡ ಬರುವ ಅಳುಕು. ‘ನನ್ನಿಂದಾದೀತೇ? ತಪ್ಪಿದರೆ ನಾಲ್ಕು ಜನ ಏನೆಂದಾರು?’ ಎಂಬುದು ಅದರ ಮಾತು. ನೋಡುವುದಕ್ಕೆ ಇದು ವಿನಯದಂತೆ ಕಾಣುತ್ತದೆ; ಆದರೆ ವಿಚಾರಿಸಿದರೆ ಇದರ ಬೇರು ಬೇರೆಡೆಯಲ್ಲಿದೆ.

ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಸಮಸ್ತ ತತ್ತ್ವವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಶ್ರೀಹರಿಯೊಬ್ಬನೇ ಸ್ವತಂತ್ರನೆಂದು ತಿಳಿಸಿದ್ದಾರೆ. ಗೀತೆಯ ಹದಿನೆಂಟನೆಯ ಅಧ್ಯಾಯವೂ ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳಿ, ಐದನೆಯದಾಗಿ ದೈವವನ್ನು ಇಡುತ್ತದೆ. ಹೀಗಿರುವಾಗ ‘ಕಾರ್ಯವೆಲ್ಲ ನನ್ನ ಬಲದಿಂದಲೇ ನಡೆಯಬೇಕು’ ಎಂದು ಭಾವಿಸುವವನು ಗೆದ್ದಾಗ ಬೀಗುತ್ತಾನೆ, ಕೈಹಾಕುವ ಮೊದಲು ನಡುಗುತ್ತಾನೆ. ಬೀಗುವಿಕೆ, ನಡುಗುವಿಕೆಗಳೆರಡೂ ಒಂದೇ ಸ್ವಾತಂತ್ರ್ಯಭ್ರಮೆಯ ಮಕ್ಕಳು. ಶಕ್ತಿಯನ್ನು ಕೊಟ್ಟವನೂ ಅದನ್ನು ನಡೆಸುವವನೂ ಹರಿಯೇ ಎಂದು ತಿಳಿದವನಿಗೆ ಎರಡರ ಬಾಧೆಯೂ ಕಡಿಮೆಯಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಅಳತೆಯನ್ನು ಪರರ ಅಳತೆಯೊಡನೆ ಹೋಲಿಸಿ ನಾವು ಕುಗ್ಗುತ್ತೇವೆ. ಇದಕ್ಕೆ ಶ್ರೀಮದ್ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಒಳ್ಳೆಯ ಪಾಠವಿದೆ. ದಕ್ಷಿಣ ಸಮುದ್ರದ ತೀರದಲ್ಲಿ ಅಂಗದನು, ಯಾರು ಎಷ್ಟು ದೂರ ಹಾರಬಲ್ಲಿರಿ ಎಂದು ಕಪಿವೀರರನ್ನು ಕೇಳುತ್ತಾನೆ. ಗಜನು 10 ಯೋಜನ ಎಂದನು; ಗವಾಕ್ಷನು 20 ಎಂದನು; ಮೈಂದನು 60, ದ್ವಿವಿದನು 70, ಸುಷೇಣನು 80 ಎಂದರು. ವೃದ್ಧನಾದ ಜಾಂಬವಂತನು 90 ಎಂದನು. ಅಂಗದನು 100 ಯೋಜನ ದಾಟಬಲ್ಲೆ, ಮರಳುವುದು ಸಂಶಯ ಎಂದನು. ದಾಟಬೇಕಾದುದು 100 ಯೋಜನ. ಆದರೂ ಗಜನು ತನ್ನ ಹತ್ತನ್ನು ಹೇಳಲು ನಾಚಲಿಲ್ಲ. ಅದನ್ನು ಇಪ್ಪತ್ತೆಂದು ಹೆಚ್ಚಿಸಿಯೂ ಹೇಳಲಿಲ್ಲ. ಯೋಗ್ಯತೆಯಲ್ಲಿ ತಾರತಮ್ಯ ಸಹಜ ಎಂಬುದಕ್ಕೆ ಇದೊಂದು ನಿದರ್ಶನ. ಕೊನೆಗೆ ಸಾಗರವನ್ನು ಲಂಘಿಸಿದವನು ಹನುಮಂತ. ಅಲ್ಲಿಯವರೆಗೆ ಅವನು ಮೌನವಾಗಿದ್ದುದು ತನ್ನ ಬಲವನ್ನರಿಯದೆ ಅಲ್ಲ. ಜೀವೋತ್ತಮರಾದ ವಾಯುದೇವರಿಗೆ ಅಜ್ಞಾನವೂ ಭಯವೂ ಸಲ್ಲವೆಂಬುದು ನಮ್ಮ ಸಿದ್ಧಾಂತ.

ಹಾಗಾದರೆ ಉಳಿದವರ ಶಕ್ತಿ ವ್ಯರ್ಥವಾಯಿತೇ? ಇಲ್ಲ. ಯುದ್ಧಕಾಂಡದಲ್ಲಿ ಅದೇ ಸಮುದ್ರಕ್ಕೆ ಕಪಿಸೇನೆಯೆಲ್ಲ ಸೇರಿ ಮರ, ಬಂಡೆಗಳನ್ನು ಹೊತ್ತು ತಂದು ಸೇತುವೆ ಕಟ್ಟಿತು. ಮೊದಲ ದಿನ 14 ಯೋಜನ, ಬಳಿಕ 20, 21, 22, ಐದನೆಯ ದಿನ 23. ಒಟ್ಟು 100 ಯೋಜನ. ಒಬ್ಬೊಬ್ಬರಾಗಿ ಹಾರಲಾರದವರು ಒಟ್ಟಾಗಿ ಐದೇ ದಿನಗಳಲ್ಲಿ ದಾರಿ ಮಾಡಿದರು. ಕಟ್ಟುವ ವಿದ್ಯೆ ಬಲ್ಲವನು ವಿಶ್ವಕರ್ಮನ ಮಗನಾದ ನಳ. ಸಮುದ್ರರಾಜನು ಅವನ ಹೆಸರನ್ನು ಹೇಳುವವರೆಗೂ ಅವನು ಸುಮ್ಮನಿದ್ದನು. ಕೇಳದೆ ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ತರವಲ್ಲವೆಂಬುದು ಅವನ ಭಾವ. ಆದರೆ ಕರೆ ಬಂದ ಮೇಲೆ ಒಂದು ಕ್ಷಣವೂ ಹಿಂಜರಿಯಲಿಲ್ಲ. ವಿನಯಕ್ಕೂ ಅಂಜಿಕೆಗೂ ಇರುವ ಅಂತರ ಇದೇ. ವಿನಯವು ಕರೆ ಬರುವವರೆಗೆ ಕಾಯುತ್ತದೆ. ಅಂಜಿಕೆಯು ಕರೆದಾಗ ಅಡಗಿಕೊಳ್ಳುತ್ತದೆ.

ಈಗ ನಮ್ಮ ಮನೆಗಳತ್ತ ನೋಡೋಣ. ಶ್ರೀವಾದಿರಾಜರ ‘ಲಕ್ಷ್ಮೀ ಶೋಭಾನೆ’ಯನ್ನು ಪೂರ್ತಿ ಬಾಯಿಪಾಠವಾಗಿ ಬಲ್ಲ ಅಜ್ಜಿಯರಿದ್ದಾರೆ, ಮದುವೆಯ ಮನೆಯಲ್ಲಿ ಹಾಡಿರೆಂದರೆ ‘ಈಗಿನವರಂತೆ ಕಂಠವಿಲ್ಲ’ ಎಂದು ಹಿಂದೆ ಸರಿಯುತ್ತಾರೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಸೂಕ್ತಗಳನ್ನು ಕಲಿತು ಈಗ ಕಚೇರಿಗಳಲ್ಲಿ ದುಡಿಯುವವರಿದ್ದಾರೆ; ಸ್ವರ ತಪ್ಪೀತೆಂದು ಪಾರಾಯಣದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದಿಲ್ಲ. ಇದರಿಂದಾಗುವ ನಷ್ಟ ಅವರೊಬ್ಬರದೇ ಅಲ್ಲ. ಅಜ್ಜಿಯ ಧಾಟಿ ಮೊಮ್ಮಗಳಿಗೆ ದಾಟದಿದ್ದರೆ ಅದು ಅಜ್ಜಿಯೊಡನೆಯೇ ಮುಗಿಯುತ್ತದೆ. ಅಕ್ಷರಗಳು ಪುಸ್ತಕದಲ್ಲಿ ಉಳಿದಾವು, ಧಾಟಿ ಉಳಿಯದು.

ಆದ್ದರಿಂದ ನಾವು ಮಾಡಬೇಕಾದುದಿಷ್ಟು. ಮೊದಲು ನಮ್ಮ ಹತ್ತು ಯೋಜನ ಯಾವುದೆಂದು ಪ್ರಾಮಾಣಿಕವಾಗಿ ಅರಿಯಬೇಕು. ಎರಡನೆಯದಾಗಿ, ತಪ್ಪಿಗೆ ಹೆದರಿ ಬಿಡದೆ, ಬಲ್ಲವರ ಮುಂದೆ ಒಪ್ಪಿಸಿ ತಿದ್ದಿಸಿಕೊಳ್ಳಬೇಕು. ತಿದ್ದುವವರಿಗೂ ಒಂದು ಮಾತು: ಸಭೆಯಲ್ಲಿ ನಗುವ ಒಂದು ನಗೆ ಹತ್ತು ವರ್ಷಗಳ ಮೌನಕ್ಕೆ ಕಾರಣವಾಗಬಲ್ಲದು, ಏಕಾಂತದಲ್ಲಿ ತಿದ್ದುವುದೇ ಮೇಲು. ಮೂರನೆಯದಾಗಿ, ಕಾರ್ಯದ ಆದಿಯಲ್ಲಿ ಹರಿಸ್ಮರಣೆಯನ್ನೂ ಅಂತ್ಯದಲ್ಲಿ ಸಮರ್ಪಣೆಯನ್ನೂ ಬಿಡಬಾರದು. ಅರ್ಪಿಸುವವನಿಗೆ ಹೊಗಳಿಕೆ ತೆಗಳಿಕೆಗಳ ಲೆಕ್ಕ ತಾನಾಗಿಯೇ ಹಿಂದೆ ಬೀಳುತ್ತದೆ.

ಮುಂದಿನ ಏಕಾದಶಿಯ ಭಜನೆಗೆ ಪ್ರತಿಯೊಂದು ಮನೆಯಿಂದಲೂ, ಇದುವರೆಗೆ ಬಾಯಿ ತೆರೆಯದ ಒಬ್ಬರು ಒಂದೇ ಒಂದು ದೇವರನಾಮವನ್ನು ಹೇಳಲಿ. ಸೇತುವೆಗೆ ಒಂದು ಕಲ್ಲು ಸೇರಿದಂತಾಗುತ್ತದೆ. ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಆ ಧೈರ್ಯವನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.