ಸಾಮಿಲ್‌ನಿಂದ ಬಂದ ಹಲಸು ಮೇಜಾಗುವ ಮುನ್ನ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮನೆಯಲ್ಲೇ ಒಂದಿಷ್ಟು ಮರಗೆಲಸ ಮಾಡಬೇಕೆನ್ನುವವರು ಮೊದಲು ವಿಚಾರಿಸುವುದು ಮೆಷಿನ್ ರೇಟು. ಅದು ಆಮೇಲಿನ ಮಾತು. ಹಿತ್ತಲಲ್ಲೋ ಬದುವಿನಲ್ಲೋ ಹಲಸಿದ್ದರೆ, ಅದರ ಹಲಗೆ ಒಣಗಲು ಜಾಗ ಮಾಡಿಕೊಳ್ಳುವುದೇ ಅರ್ಧ ಕೆಲಸ.

ಕಡಿಯುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬನ್ನಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಹಲಸು, ತೇಗ ನಿಮ್ಮದೇ ಜಮೀನಿನಲ್ಲಿದ್ದರೂ ಕೇಳದೆ ಕೊಡಲಿ ಹಾಕಬೇಡಿ.

ದಿಮ್ಮಿ ಅಳೆಯುವಾಗ ಸುತ್ತಳತೆಯ ಕಾಲು ಭಾಗ ಹಿಡಿಯುವ ಲೆಕ್ಕ ಹಳೆಯದು. ನಡುವಿನ ಸುತ್ತಳತೆ 48 ಅಂಗುಲ, ಉದ್ದ 8 ಅಡಿ ಆದರೆ 12 × 12 × 8 ÷ 144, ಅಂದರೆ 8 ಘನ ಅಡಿ. ದಿಮ್ಮಿಯಲ್ಲಿ ನಿಜಕ್ಕೂ ಇರುವುದು 10ಕ್ಕೂ ಮೇಲೆ. ತೊಗಟೆ, ಹೊಟ್ಟು ಕಳೆದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಂದಂಗುಲದ ಹಲಗೆ ಬೇಕಾದರೆ ಒಂದೂಕಾಲಕ್ಕೆ ಸೀಳಿಸಿ.

ಒಣಗಿಸುವುದರಲ್ಲಿ ಅವಸರ ಮಾಡಿದವರೇ ಹೆಚ್ಚು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಪಕ್ಕದ ನೆಲ ಸದಾ ತೇವ. ಹಾಗಾಗಿ ಸೈಜುಗಲ್ಲಿಟ್ಟು ನೆಲದಿಂದ ಒಂದಡಿ ಎತ್ತರದಲ್ಲಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಹಲಗೆ ಜೋಡಿಸಿ. ಎರಡೆರಡು ಹಲಗೆ ನಡುವೆ ಒಂದಂಗುಲದ ರೀಪರ್ ತುಂಡುಗಳು, ಒಂದೂವರೆ ಅಡಿಗೊಂದು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಬೇಕು. ಸಾಲು ತಪ್ಪಿದರೆ ಹಲಗೆ ಅಲ್ಲೇ ಬಾಗುತ್ತದೆ. ತುದಿಗಳಿಗೆ ದಪ್ಪಗೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಬಿಡುತ್ತದೆ. ಮೇಲೆ ಭಾರ ಹೇರಿ. ಅಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವುದು ರೂಢಿಯ ಮಾತು. ಅದಕ್ಕಿಂತ ತಕ್ಕಡಿಯನ್ನು ನಂಬಿ. ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ, ಬೇಸಿಗೆಯಲ್ಲೂ ತೂಕ ಇಳಿಯದಿದ್ದರೆ ಒಣಗಿದೆಯೆಂದು ತಿಳಿಯಿರಿ. ಅಂಚಿನ ಬಿಳಿ ಭಾಗ ಕುಟ್ಟೆ ಹುಳುವಿಗೆ ಪ್ರೀತಿ. ಅದನ್ನು ಕತ್ತರಿಸಿ ಚೇಗನ್ನಷ್ಟೇ ಇಟ್ಟುಕೊಳ್ಳಿ.

ಮರಗೆಲಸದ ಕೋಣೆಗೆ 10 × 12 ಅಡಿ ಸಾಕು. ಕೆಲಸ ಮಾಡುವ ಮೇಜು ಭಾರವಾಗಿರಲಿ, ಕೈ ಇಳಿಬಿಟ್ಟರೆ ಅಂಗೈ ತಾಗುವಷ್ಟು ಎತ್ತರವಿರಲಿ. ಉಜ್ಜುಗೊರಡು, ಗರಗಸ, ಮೂಲೆಮಟ್ಟ, ಎರಡು ಉಳಿ, ಕೊಡತಿ, ಸಾಣೆಕಲ್ಲು ಮೊದಲು ಬರಲಿ. ಮೆಷಿನ್ ತಂದರೆ ಅರ್ತಿಂಗ್ ಇರುವ ಪ್ರತ್ಯೇಕ ಲೈನ್ ಎಳೆಸಿ. ಪಂಪ್‌ಸೆಟ್ ಕರೆಂಟಿಗೆ ಕೈ ಹಾಕಬೇಡಿ.

ಈಗ ಹಲಗೆ ಹದ ಮಾಡುವ ಕೆಲಸ. ಎರಡು ತುದಿಗೂ ಒಂದೊಂದು ನೆಟ್ಟಗಿನ ಪಟ್ಟಿ ಅಡ್ಡಲಾಗಿಟ್ಟು ಬಗ್ಗಿ ನೋಡಿ. ಹಿಂದಿನ ಪಟ್ಟಿ ಒಂದು ಮೂಲೆಯಲ್ಲಿ ಎದ್ದು ಕಂಡರೆ ಹಲಗೆ ಮುರುಚಿದೆ. ಆ ಮೂಲೆಯನ್ನೂ ಅದರ ಕರ್ಣದ ಮೂಲೆಯನ್ನೂ ಮಾತ್ರ ಉಜ್ಜಿ. ಒಂದು ಮುಖ ಮಟ್ಟವಾದ ಮೇಲೆ ಅದಕ್ಕೆ ಮೂಲೆಮಟ್ಟ ಹಿಡಿದು ಒಂದು ಅಂಚು, ಆಮೇಲೆ ದಪ್ಪದ ಗೀರು ಹಾಕಿ ಇನ್ನೊಂದು ಮುಖ, ಕೊನೆಗೆ ಅಗಲ. ಉಜ್ಜುವಾಗ ಚಕ್ಕೆ ಕಿತ್ತು ಬಂದರೆ ಎಳೆಗೆ ಎದುರಾಗಿ ಹೋಗುತ್ತಿದ್ದೀರಿ, ಹಲಗೆ ತಿರುಗಿಸಿ.

ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿಸಬೇಡಿ. ಮಳೆಗಾಲದಲ್ಲಿ ಅದು ಅಗಲಕ್ಕೆ ಹಿಗ್ಗುತ್ತದೆ. ಚೌಕಟ್ಟಿನ ಸ್ಕ್ರೂ ತೂತುಗಳನ್ನು ಆ ದಿಕ್ಕಿಗೆ ಉದ್ದ ಕೊರೆದು ಬಿಗಿಯಿರಿ.